ವ್ಯಾಕ್ಯೂಮ್ ಓಡುತ್ತಿದೆ, ಕಾರ್ಪೆಟ್ ಮಾತ್ರ ಕ್ಲೀನ್ ಆಗುತ್ತಿಲ್ಲ: ದೋಷ ಹುಡುಕುವ ಬಗೆ

ಮೋಟಾರ್ ಜೋರಾಗಿ ಸದ್ದು ಮಾಡುತ್ತದೆ. ತಳ್ಳಿ ತಳ್ಳಿ ಸೊಂಟ ಹಿಡಿದುಕೊಳ್ಳುತ್ತದೆ. ಆದರೂ ಕಾರ್ಪೆಟ್ ಮೇಲೆ ಕೂದಲು, ಮಂಡಕ್ಕಿ ಚೂರು, ಮರಳು ಹಾಗೇ ಕೂತಿರುತ್ತವೆ. ಆಗ ಮನೆಯಲ್ಲಿ ಬರುವ ಮಾತು ಎರಡೇ: "ಮೆಷಿನ್ ಹಳೇದಾಯ್ತು" ಅಥವಾ "ಜಾಸ್ತಿ ವ್ಯಾಟ್‌ನದ್ದು ತಗೋಬೇಕಿತ್ತು".

ಎರಡನ್ನೂ ಸದ್ಯಕ್ಕೆ ಬದಿಗಿಡಿ. ಮೋಟಾರ್ ಕೆಡುವುದು ಅಪರೂಪ. ಗಾಳಿಯ ದಾರಿಯಲ್ಲಿ ಅಡ್ಡಿ, ಎಲ್ಲೋ ಸೋರಿಕೆ, ಇಲ್ಲವೇ ತಿರುಗದ ಬ್ರಷ್. ಹೆಚ್ಚಿನ ದೂರುಗಳು ಈ ಮೂರರಲ್ಲೇ ಮುಗಿಯುತ್ತವೆ. ಇನ್ನು ವ್ಯಾಟ್ ಹೇಳುವುದು ಮೆಷಿನ್ ಎಷ್ಟು ಕರೆಂಟ್ ತಿನ್ನುತ್ತದೆ ಅನ್ನುವುದನ್ನು, ಎಷ್ಟು ಎಳೆಯುತ್ತದೆ ಅನ್ನುವುದನ್ನಲ್ಲ. ಯುರೋಪ್ ಒಕ್ಕೂಟ ಮನೆಬಳಕೆಯ ವ್ಯಾಕ್ಯೂಮ್‌ಗಳಿಗೆ 2014ರಲ್ಲಿ 1600 ವ್ಯಾಟ್ ಮಿತಿ ಹಾಕಿತು. 2017ರಲ್ಲಿ ಅದನ್ನು 900ಕ್ಕೆ ಇಳಿಸಿತು. ಅಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆಗಳು ಬೇಕಾದಷ್ಟಿವೆ. ಆ ಕಾರ್ಪೆಟ್‌ಗಳಿಗೆ 900 ವ್ಯಾಟ್ ಒಳಗಿನ ಮೆಷಿನ್ ಸಾಕಾಗುತ್ತಿದೆ.

ಶುರು ಮಾಡುವ ಮುನ್ನ ಒಂದು ಎಚ್ಚರಿಕೆ. ಒಳಗೆ ಕೈ ಹಾಕುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಬ್ಯಾಟರಿ ಮೆಷಿನ್ ಆದರೆ ಬ್ಯಾಟರಿ ಬಿಚ್ಚಿಡಿ. ಬ್ರಷ್ ಬಿಡಿಸುವಾಗ ಮಗು ಬಂದು ಬಟನ್ ಒತ್ತಿದರೆ ಬೆರಳು ಹೋಗುತ್ತದೆ.

ಎಳೆತ ಎಲ್ಲಿ ಕಳೆದುಹೋಗುತ್ತಿದೆ?

ಇದಕ್ಕೆ ನಿಮ್ಮ ಅಂಗೈ ಸಾಕು. ಮೆಷಿನ್‌ನಿಂದ ಶುರು ಮಾಡಿ, ಒಂದೊಂದೇ ತುಂಡು ಜೋಡಿಸುತ್ತಾ ಹೊರಕ್ಕೆ ಬನ್ನಿ. ಮೊದಲು ಹೋಸ್ ತೆಗೆದು, ಅದು ಸೇರುವ ಬಾಯಿಗೇ ಅಂಗೈ ಇಟ್ಟು ಓಡಿಸಿ. ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮೋಟಾರ್, ಬ್ಯಾಗ್, ಫಿಲ್ಟರ್ ಮೂರೂ ಸರಿ ಇವೆ. ಆಮೇಲೆ ಹೋಸ್ ಸೇರಿಸಿ ಅದರ ತುದಿಯಲ್ಲಿ ನೋಡಿ. ಆಮೇಲೆ ಉದ್ದ ಪೈಪ್ ಹಾಕಿ ನೋಡಿ. ಕೊನೆಗೆ ನೆಲಕ್ಕೆ ತಾಗುವ ಹೆಡ್. ಯಾವ ತುಂಡು ಸೇರಿಸಿದಾಗ ಎಳೆತ ದಿಢೀರ್ ಇಳಿಯಿತೋ ದೋಷ ಆ ತುಂಡಿನಲ್ಲಿದೆ.

ಅಮೆರಿಕದ ಮನೆಗಳಲ್ಲಿ ಜಾಸ್ತಿ ಕಾಣುವ, ನಿಂತು ತಳ್ಳುವ ಅಪ್‌ರೈಟ್ ಮೆಷಿನ್‌ಗಳಲ್ಲಿ ಸ್ವಲ್ಪ ಬೇರೆ. ಅಲ್ಲಿ ಪಕ್ಕದ ಹೋಸ್ ಬಿಚ್ಚಿ ತುದಿಗೆ ಕೈ ಇಡಿ. ಅಲ್ಲಿ ಎಳೆತ ಜೋರಾಗಿದ್ದು ಕೆಳಗೆ ಕಾರ್ಪೆಟ್ ಮೇಲೆ ಇಲ್ಲ ಅಂದರೆ, ಹೆಡ್‌ನಿಂದ ಮೇಲಕ್ಕೆ ಹೋಗುವ ಗಿಡ್ಡ ಪೈಪ್‌ನಲ್ಲಿ ಕಸ ಸಿಕ್ಕಿಕೊಂಡಿರುತ್ತದೆ. ಇದನ್ನು ಯಾರೂ ನೋಡುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ಬೀಳುವ ಜಾಗದಲ್ಲಿಲ್ಲ.

ಕಿವಿಯೂ ಕೆಲಸಕ್ಕೆ ಬರುತ್ತದೆ. ಮೋಟಾರ್ ಸದ್ದು ಮಾಮೂಲಿಗಿಂತ ಕೀರಲಾಗಿ ಮೇಲೇರಿದ್ದರೆ ಗಾಳಿಗೆ ಎಲ್ಲೋ ಅಡ್ಡಿ ಇದೆ. ಗಾಳಿ ಬರದಿದ್ದಾಗ ಒಳಗಿನ ಫ್ಯಾನ್‌ಗೆ ಕೆಲಸ ಕಡಿಮೆಯಾಗಿ ಅದು ಇನ್ನೂ ಜೋರಾಗಿ ತಿರುಗುತ್ತದೆ. ಸದ್ದು ಮಾಮೂಲಿಯೇ ಇದ್ದು ಎಳೆತ ಮಾತ್ರ ಇಲ್ಲ ಅಂದರೆ ಗಾಳಿ ಬೇರೆ ದಾರಿಯಿಂದ ಒಳಗೆ ಬರುತ್ತಿದೆ, ಅಂದರೆ ಸೋರಿಕೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಉಳಿಯುತ್ತದೆ.

ಮೆಷಿನ್ ಬಾಯಿಯಲ್ಲೇ ಎಳೆತ ಇಲ್ಲದಿದ್ದರೆ

ಬ್ಯಾಗ್ ನೋಡಿ. ಪೂರ್ತಿ ತುಂಬಬೇಕಾಗಿಲ್ಲ. ಮುಕ್ಕಾಲು ಆದಾಗಲೇ ಎಳೆತ ಇಳಿಯುತ್ತದೆ. ಇನ್ನೊಂದು ವಿಷಯ ಇದೆ. ಬ್ಯಾಗ್‌ನಲ್ಲಿ ಕಸ ಸ್ವಲ್ಪವೇ ಇದ್ದರೂ ಅದು ಕಟ್ಟಿಕೊಂಡಿರಬಹುದು. ನುಣುಪಾದ ಪುಡಿ ಬ್ಯಾಗ್‌ನ ಬಟ್ಟೆಯ ಅಥವಾ ಕಾಗದದ ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ಟಾಲ್ಕಮ್ ಪೌಡರ್, ರಂಗೋಲಿ ಪುಡಿ, ಮೈದಾ, ಊದುಬತ್ತಿ ಬೂದಿ ಎಲ್ಲವೂ ಇದೇ ಜಾತಿ. ಇವೆಲ್ಲಕ್ಕಿಂತ ಕೆಟ್ಟದ್ದು ಗೋಡೆ ಕೊರೆದಾಗ ಬೀಳುವ ಸಿಮೆಂಟ್ ಧೂಳು. ಹೊಸ ಫ್ಲ್ಯಾಟ್‌ನಲ್ಲಿ ಇಂಟೀರಿಯರ್ ಕೆಲಸ ಮುಗಿದ ಮೇಲೆ ಮನೆಯ ವ್ಯಾಕ್ಯೂಮ್‌ನಲ್ಲಿ ಅದನ್ನು ಎಳೆದರೆ ಫಿಲ್ಟರ್ ಒಂದೇ ಸಲಕ್ಕೆ ಮುಗಿಯುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ತೆಗೆಯಿರಿ.

ಕಾರ್ಪೆಟ್ ವಾಸನೆಗೆ ಅಡುಗೆ ಸೋಡಾ ಉದುರಿಸಿ ವ್ಯಾಕ್ಯೂಮ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಅಷ್ಟು ಹಿಡಿಸದ ಸಲಹೆ. ಸೋಡಾ ಕೂಡ ನುಣುಪು ಪುಡಿಯೇ. ಅರ್ಧ ಫಿಲ್ಟರ್‌ಗೆ, ಅರ್ಧ ಕಾರ್ಪೆಟ್‌ನ ಬುಡಕ್ಕೆ ಹೋಗುತ್ತದೆ.

ಮುಂದೆ ಫಿಲ್ಟರ್. ಹೆಚ್ಚಿನ ಮೆಷಿನ್‌ಗಳಲ್ಲಿ ಎರಡು ಇರುತ್ತವೆ. ಮೋಟಾರ್‌ಗೆ ಮೊದಲು ಒಂದು, ಗಾಳಿ ಹೊರಹೋಗುವ ಕಡೆ ಇನ್ನೊಂದು. ಎರಡನೆಯದನ್ನು ಹಲವರು ವರ್ಷಗಟ್ಟಲೆ ತೆಗೆದೇ ಇರುವುದಿಲ್ಲ. ಸ್ಪಂಜಿನ ಫಿಲ್ಟರ್ ಅನ್ನು ತಣ್ಣೀರಲ್ಲಿ ಹಿಂಡಿ ತೊಳೆಯಬಹುದು. ತೀರಾ ಸಣ್ಣ ಧೂಳನ್ನೂ ಹಿಡಿಯುವ, ಮಡಿಕೆ ಮಡಿಕೆಯಾಗಿರುವ ಹೆಪಾ ಫಿಲ್ಟರ್ ಅನ್ನು, ಅದರ ಮೇಲೆ ತೊಳೆಯಬಹುದು ಅಂತ ಬರೆದಿದ್ದರೆ ಮಾತ್ರ ತೊಳೆಯಿರಿ. ಇಲ್ಲದಿದ್ದರೆ ಮೆಲ್ಲಗೆ ತಟ್ಟಿ, ಉಪಯೋಗವಾಗದಿದ್ದರೆ ಹೊಸದು ಹಾಕಿ. ತೊಳೆದದ್ದು 24 ಗಂಟೆ ಒಣಗಬೇಕು. ಬೆಂಗಳೂರಿನ ಮಳೆಗಾಲದಲ್ಲಿ ಒಂದು ದಿನ ಸಾಲದು, ಕರಾವಳಿ ಮಲೆನಾಡಿನಲ್ಲಂತೂ ಎರಡು ದಿನವೂ ಬೇಕಾದೀತು. ಒದ್ದೆ ಫಿಲ್ಟರ್ ಹಾಕಿದರೆ ಅದರ ಮೇಲೆ ಧೂಳು ಕೆಸರಾಗಿ ಕೂರುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ, ತೇವ ಮೋಟಾರ್‌ಗೂ ಹೋಗುತ್ತದೆ.

ನೀರು, ಧೂಳು ಎರಡನ್ನೂ ಎಳೆಯುವ ಡ್ರಮ್ ಆಕಾರದ ಮೆಷಿನ್ ಇದ್ದರೆ ಇನ್ನೆರಡು ನೋಡಬೇಕು. ನೀರಿಗೆ ಹಾಕುವ ಸ್ಪಂಜು ಹಾಗೇ ಬಿಟ್ಟು ಒಣ ಧೂಳು ಎಳೆದಿದ್ದೀರಾ? ಹಾಗಿದ್ದರೆ ಧೂಳು ಅದನ್ನು ದಾಟಿ ಮೋಟಾರ್ ಕಡೆಗೆ ಹೋಗಿರುತ್ತದೆ. ಒಣ ಕೆಲಸಕ್ಕೆ ಬಟ್ಟೆ ಫಿಲ್ಟರ್ ಅಥವಾ ಬ್ಯಾಗ್ ಬೇಕು. ಇನ್ನೊಂದು, ಹೋಸ್ ಬ್ಲೋವರ್ ಕಡೆ ಸಿಕ್ಕಿಸಿದ್ದೀರಾ? ನಗಬೇಡಿ. ಎರಡು ತೂತೂ ಒಂದೇ ಅಳತೆ ಇರುವ ಮೆಷಿನ್‌ಗಳಿವೆ. ಎಳೆಯುವ ಬದಲು ಊದುತ್ತಾ ಕಸವನ್ನು ಸೋಫಾ ಕೆಳಗೆ ಕಳಿಸುತ್ತಿರುತ್ತದೆ.

ಹೋಸ್, ಪೈಪ್, ಹಿಡಿಕೆ

ಹಿಡಿಕೆಯ ಮೇಲೆ ಒಂದು ಪುಟ್ಟ ಜಾರುವ ಮುಚ್ಚಳ ಇರುತ್ತದೆ. ಅದು ಪರದೆ, ಕುಶನ್‌ನಂಥ ತೆಳು ಬಟ್ಟೆಗೆ ಎಳೆತ ಕಡಿಮೆ ಮಾಡಲು ಇಟ್ಟಿದ್ದು. ಪರದೆ ಕ್ಲೀನ್ ಮಾಡುವಾಗ ತೆರೆದು ಮುಚ್ಚಲು ಮರೆತಿದ್ದರೆ ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೇ. ಎಲ್ಲಕ್ಕಿಂತ ಮೊದಲು ಇದನ್ನೇ ನೋಡಿ, ಖರ್ಚಿಲ್ಲದ ರಿಪೇರಿ.

ಹೋಸ್ ಕಟ್ಟಿದೆಯೋ ಇಲ್ಲವೋ ತಿಳಿಯಲು ಅದನ್ನು ಬಿಚ್ಚಿ, ಎತ್ತಿ ಹಿಡಿದು, ಒಂದು ಕಡೆಯಿಂದ ಗೋಲಿ ಅಥವಾ ನಾಣ್ಯ ಬಿಡಿ. ಇನ್ನೊಂದು ತುದಿಯಿಂದ ಬೀಳಬೇಕು. ಬೀಳದಿದ್ದರೆ ಪೊರಕೆಯ ಉದ್ದ ಹಿಡಿಯಿಂದ ಮೆಲ್ಲಗೆ ತಳ್ಳಿ. ತಂತಿ ಹಾಕಿ ಚುಚ್ಚಬೇಡಿ, ಹೋಸ್ ತೂತಾಗಿ ಹೊಸ ದೋಷ ಹುಟ್ಟುತ್ತದೆ. ನಮ್ಮ ಮನೆಗಳ ಹೋಸ್‌ನಲ್ಲಿ ಸಿಗುವ ಸಾಮಾನು ಹೆಚ್ಚುಕಡಿಮೆ ಒಂದೇ: ಹೇರ್‌ಪಿನ್ ಅಡ್ಡ ಸಿಕ್ಕಿಕೊಂಡು, ಅದಕ್ಕೆ ಹೂವು ಕಟ್ಟಿದ ಬಾಳೆನಾರು ಸುತ್ತಿಕೊಂಡು, ಅದರ ಮೇಲೆ ಕೂದಲಿನ ಉಂಡೆ. ಪಿನ್ ತೆಗೆದರೆ ಎಲ್ಲಾ ಬರುತ್ತದೆ.

ಹೋಸ್ ಬಿರುಕನ್ನು ಹುಡುಕಲು ಅದನ್ನು ಬಗ್ಗಿಸುತ್ತಾ ಮೆಷಿನ್ ಓಡಿಸಿ, ಹತ್ತಿರ ಕಿವಿ ಇಡಿ. ಬಿರುಕು ಇದ್ದ ಕಡೆ ಸಿಳ್ಳೆ ಹೊಡೆಯುತ್ತದೆ. ಹಿಡಿಕೆಯ ಹತ್ತಿರ ಮತ್ತು ಮೆಷಿನ್‌ಗೆ ಸೇರುವ ಹತ್ತಿರ ಬಿರುಕು ಜಾಸ್ತಿ. ತುದಿಯಲ್ಲಿದ್ದರೆ ಅಷ್ಟು ಭಾಗ ಕತ್ತರಿಸಿ ಮತ್ತೆ ಸೇರಿಸಬಹುದು. ನಡುವೆ ಇದ್ದರೆ ಟೇಪ್ ಸುತ್ತಬಹುದು, ಆದರೆ ಅದು ಹೊಸ ಹೋಸ್ ಬರುವವರೆಗೆ ಮಾತ್ರ.

ಎಳೆತ ಜೋರಾಗಿದೆ, ಆದರೂ ಕಸ ಏಳುತ್ತಿಲ್ಲ

ನಿಜವಾದ ಕಾರ್ಪೆಟ್ ಸಮಸ್ಯೆ ಇದು. 1901ರಲ್ಲಿ ಲಂಡನ್‌ನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ತಂದ ವ್ಯಾಕ್ಯೂಮ್ ಬರೀ ಎಳೆತವನ್ನು ನಂಬಿತ್ತು. ಕುದುರೆ ಗಾಡಿಯ ಗಾತ್ರದ ಯಂತ್ರ ಬೀದಿಯಲ್ಲಿ ನಿಂತು, ಕಿಟಕಿಯಿಂದ ಹೋಸ್ ಒಳಗೆ ಬಿಡುತ್ತಿದ್ದರು. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಳೆತದ ಜೊತೆ ತಿರುಗುವ ಬ್ರಷ್ ಸೇರಿಸಿದ. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡದ್ದು ಮುಂದೆ ವ್ಯಾಕ್ಯೂಮ್‌ಗೇ ಹೆಸರಾದ ಹೂವರ್ ಕುಟುಂಬ. ಜೂಲು, ಅಂದರೆ ಮೇಲೆದ್ದು ನಿಂತ ಎಳೆ, ಇರುವ ಮಾಮೂಲಿ ಕಾರ್ಪೆಟ್ ಮಟ್ಟಿಗೆ ಇವತ್ತಿಗೂ ಸ್ಪ್ಯಾಂಗ್ಲರ್‌ನ ದಾರಿಯೇ ಸರಿ. ಕೂದಲು, ಎಳೆಗಳ ಬುಡದ ಮರಳು ಬರೀ ಗಾಳಿಗೆ ಏಳುವುದಿಲ್ಲ. ಯಾರಾದರೂ ಅಲುಗಿಸಿ ಬಿಡಿಸಬೇಕು.

ಹಾಗಾಗಿ ಮೊದಲ ಪ್ರಶ್ನೆ: ನಿಮ್ಮ ಹೆಡ್‌ನಲ್ಲಿ ತಿರುಗುವ ಬ್ರಷ್ ಇದೆಯೇ? ಇಲ್ಲಿ ಮಾರುವ ಎಷ್ಟೋ ಮೆಷಿನ್‌ಗಳ ಜೊತೆ ಬರುವುದು ಚಪ್ಪಟೆ ಹೆಡ್, ಮೇಲೆ ಕಾಲಲ್ಲಿ ಒತ್ತುವ ಪೆಡಲ್. ಪೆಡಲ್ ಒಂದು ಕಡೆ ಒತ್ತಿದರೆ ಬ್ರಷ್ ಕೂದಲು ಕೆಳಗೆ ಬರುತ್ತದೆ, ಅದು ಟೈಲ್ಸ್‌ಗೆ. ಇನ್ನೊಂದು ಕಡೆ ಒತ್ತಿದರೆ ಒಳಗೆ ಹೋಗುತ್ತದೆ, ಅದು ಕಾರ್ಪೆಟ್‌ಗೆ. ಬಹಳ ಮನೆಗಳಲ್ಲಿ ಇದು ಟೈಲ್ಸ್ ಕಡೆಯೇ ಉಳಿದಿರುತ್ತದೆ. ಆಗ ಹೆಡ್ ಕಾರ್ಪೆಟ್ ಮೇಲೆ ಎತ್ತಿ ನಿಂತು ಪಕ್ಕದ ಗಾಳಿಯನ್ನೇ ಎಳೆಯುತ್ತಿರುತ್ತದೆ. ದಪ್ಪ ಕಾರ್ಪೆಟ್ ಇದ್ದವರು ಎಳೆದ ಗಾಳಿಯಿಂದಲೇ ತಿರುಗುವ ಟರ್ಬೊ ಬ್ರಷ್ ಬೇರೆ ತಗೊಳ್ಳುವುದು ಒಳ್ಳೆಯದು. ನಿಮ್ಮ ಪೈಪ್‌ನ ಅಳತೆಗೆ ಸರಿಹೊಂದುವುದನ್ನು ನೋಡಿ ತಗೊಳ್ಳಿ.

ತಿರುಗುವ ಬ್ರಷ್ ಇದ್ದೂ ಕಸ ಏಳುತ್ತಿಲ್ಲವೇ? ಹೆಡ್ ತಲೆಕೆಳಗು ಮಾಡಿ ನೋಡಿ. ಮೂರು ಸಾಧ್ಯತೆ.

ಕೂದಲು ಸುತ್ತಿಕೊಂಡಿರುವುದು ಮೊದಲನೆಯದು. ಉದ್ದ ಕೂದಲು, ಸೀರೆಯ ನೂಲು ಬ್ರಷ್‌ಗೆ ಬಿಗಿಯಾಗಿ ಸುತ್ತಿ ಅದರ ಕೂದಲನ್ನೇ ಮುಚ್ಚಿಬಿಡುತ್ತವೆ. ಬ್ರಷ್ ಉದ್ದಕ್ಕೂ ಕತ್ತರಿ ಓಡಿಸಿ, ಕತ್ತರಿಸಿ ಎಳೆಯಿರಿ. ಎರಡೂ ತುದಿಯ ಬೇರಿಂಗ್ ಹತ್ತಿರ ಸಿಕ್ಕಿದ್ದನ್ನು ಬಿಡಬೇಡಿ. ಅಲ್ಲಿ ಸೇರಿದ ಕೂದಲೇ ಬಿಸಿಯಾಗಿ ಪ್ಲಾಸ್ಟಿಕ್ ಕರಗಿಸುತ್ತದೆ.

ಎರಡನೆಯದು ಬೆಲ್ಟ್. ಚಪ್ಪಟೆ ರಬ್ಬರ್ ಬೆಲ್ಟ್ ತುಂಡಾಗದೆಯೂ ಕೆಲಸ ಬಿಡುತ್ತದೆ. ಅದು ಹಿಗ್ಗುತ್ತದೆ. ಹೆಡ್ ಗಾಳಿಯಲ್ಲಿ ಎತ್ತಿ ಹಿಡಿದಾಗ ಬ್ರಷ್ ಚೆನ್ನಾಗಿ ತಿರುಗುತ್ತದೆ, ಕಾರ್ಪೆಟ್‌ಗೆ ತಾಗಿಸಿದ ಕೂಡಲೇ ನಿಲ್ಲುತ್ತದೆ. ಇದು ಹಿಗ್ಗಿದ ಬೆಲ್ಟ್‌ನ ಗುರುತು. ರಬ್ಬರ್ ಸುಟ್ಟ ವಾಸನೆಯೂ ಬಂದರೆ ಅನುಮಾನವೇ ಇಲ್ಲ. ಬೆಲ್ಟ್ ಬದಲಿಸುವುದು ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಾದರೂ ಮಾಡಬಹುದಾದ ಕೆಲಸ. ಮಾಡೆಲ್ ನಂಬರ್ ನೋಡಿಯೇ ತಗೊಳ್ಳಿ, ಕಣ್ಣಳತೆಯಲ್ಲಿ ಬೇಡ.

ಮೂರನೆಯದು ಗಾಳಿಯಿಂದ ತಿರುಗುವ ಟರ್ಬೊ ಬ್ರಷ್‌ಗೆ ಮಾತ್ರ. ಇದಕ್ಕೆ ಸ್ವಂತ ಮೋಟಾರ್ ಇಲ್ಲ, ಎಳೆದ ಗಾಳಿಯೇ ಚಕ್ರ ತಿರುಗಿಸಬೇಕು. ಬ್ಯಾಗ್ ತುಂಬಿದರೂ ಫಿಲ್ಟರ್ ಕಟ್ಟಿದರೂ ಮೊದಲು ಸೋಲುವುದು ಇದೇ. ಹೆಡ್‌ನಲ್ಲಿ ದೋಷ ಹುಡುಕುತ್ತಾ ಕೂರುವ ಮೊದಲು ಹಿಂದೆ ಹೋಗಿ ಬ್ಯಾಗ್ ನೋಡಿ.

ತಳ್ಳಲು ಆಗುತ್ತಿಲ್ಲ, ಅಂಟಿಕೊಂಡು ಬಿಡುತ್ತದೆ

ಇದು ಎಳೆತ ಜಾಸ್ತಿಯಾದ ಲಕ್ಷಣ, ಮೆಷಿನ್ ಕೆಟ್ಟದ್ದಲ್ಲ. ಈಗ ಬರುವ ತೀರಾ ಮೃದುವಾದ, ಒತ್ತಾದ ಎಳೆಗಳ ಕಾರ್ಪೆಟ್ ಹೆಡ್‌ನ ಸುತ್ತ ಮುಚ್ಚಿಕೊಳ್ಳುತ್ತದೆ, ಗಾಳಿ ಬರಲು ಸಂದೇ ಇರುವುದಿಲ್ಲ. ಹಿಡಿಕೆಯ ಜಾರು ಮುಚ್ಚಳವನ್ನು ಸ್ವಲ್ಪ ತೆರೆಯಿರಿ. ಹೆಡ್‌ನಲ್ಲಿ ಎತ್ತರ ಬದಲಿಸುವ ಗುಂಡಿ ಇದ್ದರೆ ಮೊದಲು ತೀರಾ ಮೇಲಕ್ಕೆ ಇಟ್ಟು ಓಡಿಸಿ, ಒಂದೊಂದೇ ಹಂತ ಇಳಿಸಿ. ಬ್ರಷ್ ಎಳೆಗಳ ತುದಿ ತಾಗಿದಾಗ ಸದ್ದು ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಇಳಿಸಿದರೆ ಜಾಸ್ತಿ ಕ್ಲೀನ್ ಆಗುವುದಿಲ್ಲ, ಬೆಲ್ಟ್ ಸವೆಯುತ್ತದೆ ಅಷ್ಟೇ.

ಉದ್ದ ಜೂಲಿನ ಕಾರ್ಪೆಟ್, ರೇಷ್ಮೆ, ಹಳೆಯ ಕೈನೇಯ್ಗೆ, ಕುಣಿಕೆ ಕುಣಿಕೆಯಾಗಿ ನೇಯ್ದ ಉಣ್ಣೆ, ಇವಕ್ಕೆ ತಿರುಗುವ ಬ್ರಷ್ ಬೇಡವೇ ಬೇಡ. ಬರೀ ಎಳೆತ ಸಾಕು. ಅಂಚಿನ ಕುಚ್ಚಿನ ಮೇಲೆ ಬ್ರಷ್ ಹಾಯಿಸಿದರೆ ಅದು ಕುಚ್ಚನ್ನು ನುಂಗಿ ನೂಲು ಕಿತ್ತು ಕೊಡುತ್ತದೆ. ನವಲಗುಂದದ ಜಮಖಾನಕ್ಕೆ ಜೂಲೇ ಇಲ್ಲ, ಚಪ್ಪಟೆ ಹತ್ತಿ ನೇಯ್ಗೆ. ಅದಕ್ಕೂ ಚಪ್ಪಟೆ ಹೆಡ್, ಕಡಿಮೆ ಎಳೆತ. ಅದು ಹಗುರ ಆದ್ದರಿಂದ ಹೆಡ್ ಜೊತೆಗೇ ಎದ್ದು ಬರುತ್ತದೆ. ಒಂದು ಅಂಚನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಹೊರಮುಖವಾಗಿ ಎಳೆಯಿರಿ.

ಮಧ್ಯದಲ್ಲಿ ತಾನಾಗಿ ಆಫ್ ಆಗುತ್ತದೆ

ಮೋಟಾರ್ ಬಿಸಿಯಾದರೆ ಕರೆಂಟ್ ಕಡಿಯುವ ವ್ಯವಸ್ಥೆ ಒಳಗಿರುತ್ತದೆ. ಅರ್ಧದಿಂದ ಒಂದು ಗಂಟೆ ತಣ್ಣಗಾಗಲು ಬಿಟ್ಟರೆ ಮತ್ತೆ ಓಡುತ್ತದೆ. ಓಡಿತಲ್ಲ ಅಂತ ಸುಮ್ನೆ ಬಿಡಬೇಡಿ. ಮೋಟಾರ್ ತಣ್ಣಗಿಡುವುದು ಅದರ ಮೂಲಕ ಹೋಗುವ ಗಾಳಿಯೇ. ಬಿಸಿಯಾಯಿತು ಅಂದರೆ ಬಹಳ ಸಲ ಗಾಳಿ ಕಟ್ಟಿದೆ ಅಂತಲೇ ಅರ್ಥ. ಬ್ಯಾಟರಿ ಮೆಷಿನ್‌ಗಳು ನಿಂತು ನಿಂತು ಓಡುವುದೂ ಬಹಳ ಸಲ ಇದೇ ಕಾರಣಕ್ಕೆ.

ಕರೆಂಟ್ ಕಡೆಯ ತಕರಾರೂ ಇರಬಹುದು. 1400 ವ್ಯಾಟ್ ಮೆಷಿನ್ 230 ವೋಲ್ಟ್‌ನಲ್ಲಿ 6 ಆಂಪ್‌ಗೂ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಫ್ಯಾನ್, ಟಿವಿಯ ಸಣ್ಣ ಸಾಕೆಟ್‌ಗೆ ಅದು ಮೀರಿದ ಭಾರ. ದೊಡ್ಡ ಪವರ್ ಪಾಯಿಂಟ್‌ಗೇ ಹಾಕಿ. ತೆಳು ಎಕ್ಸ್‌ಟೆನ್ಷನ್ ವೈರ್ ಬೇಡ. ಮೆಷಿನ್‌ನ ಸ್ವಂತ ವೈರನ್ನೂ ಹಳದಿ ಗುರುತಿನವರೆಗೆ ಹೊರಗೆ ಎಳೆಯಿರಿ, ಸುತ್ತಿದ ವೈರ್ ಒಳಗೇ ಬಿಸಿಯಾಗುತ್ತದೆ. ಕೆಂಪು ಗುರುತು ಕಂಡ ಮೇಲೆ ಎಳೆಯಬೇಡಿ.

ಅಮೆರಿಕದಿಂದ ವಾಪಸ್ ಬರುವಾಗ ಅಲ್ಲಿನ ವ್ಯಾಕ್ಯೂಮ್ ಕಂಟೇನರ್‌ಗೆ ಹಾಕಿ ತರುವವರಿದ್ದಾರೆ. ಅದು 120 ವೋಲ್ಟ್‌ನದ್ದು. ಪ್ಲಗ್ ಅಡಾಪ್ಟರ್ ಹಾಕಿ ನೇರ ಸಿಕ್ಕಿಸಿದರೆ ಮೋಟಾರ್ ಸುಡುತ್ತದೆ. 12 ಆಂಪ್ ಅಂತ ಬರೆದಿದ್ದರೆ 1440 ವ್ಯಾಟ್ ಆಯಿತು. ಅದಕ್ಕೆ 2000 ವ್ಯಾಟ್‌ನ ಭಾರದ ಟ್ರಾನ್ಸ್‌ಫಾರ್ಮರ್ ಬೇಕು, ಕೋಣೆಯಿಂದ ಕೋಣೆಗೆ ಅದನ್ನೂ ಹೊರಬೇಕು. ಅಲ್ಲೇ ಯಾರಿಗಾದರೂ ಕೊಟ್ಟು ಬರುವುದು ವಾಸಿ ಅಲ್ವಾ?

ಮೆಷಿನ್ ಸರಿ ಇದೆ, ತಕರಾರು ಕಾರ್ಪೆಟ್‌ನದು

ಹೊಸ ಉಣ್ಣೆ ಕಾರ್ಪೆಟ್ ಕೆಲವು ತಿಂಗಳು ಜುಂಗು ಬಿಡುತ್ತದೆ. ಪ್ರತಿ ಸಲ ಡಬ್ಬಿ ತುಂಬಾ ಉಣ್ಣೆ ಉಂಡೆ ಬಂದರೆ ಗಾಬರಿ ಬೇಡ, ದಿನ ಕಳೆದಂತೆ ಕಡಿಮೆಯಾಗುತ್ತದೆ.

ಗಾಬರಿಪಡಬೇಕಾದದ್ದು ಬೇರೆ. ಕಾರ್ಪೆಟ್ ಎತ್ತಿದಾಗ ಕೆಳಗೆ ಬಿಳಿ ಅಥವಾ ಹಳದಿ ಪುಡಿ, ಮರಳಿನ ಹಾಗೆ. ಎಷ್ಟು ವ್ಯಾಕ್ಯೂಮ್ ಮಾಡಿದರೂ ಮುಂದಿನ ವಾರ ಮತ್ತೆ. ಕಾರ್ಪೆಟ್ ತಿರುಗಿಸಿ ಹಿಂಭಾಗ ನೋಡಿ. ಗಂಟುಗಳು, ವಿನ್ಯಾಸ ಹಿಂದೆಯೂ ಕಾಣುತ್ತಿದ್ದರೆ ಅದು ಕೈಯಲ್ಲಿ ಗಂಟು ಹಾಕಿ ನೇಯ್ದದ್ದು, ಪುಡಿ ಹೊರಗಿನ ಮರಳು. ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್, ಅಂದರೆ ನೇಯದೆ ಬಟ್ಟೆಗೆ ಎಳೆ ಚುಚ್ಚಿ ಮಾಡಿದ್ದು; ಎಳೆಗಳನ್ನು ಹಿಡಿದಿರುವುದು ಲ್ಯಾಟೆಕ್ಸ್ ಅನ್ನುವ ರಬ್ಬರಿನಂಥ ಅಂಟು. ವಯಸ್ಸಾದ ಲ್ಯಾಟೆಕ್ಸ್ ಒಣಗಿ ಉದುರುತ್ತದೆ. ಇದಕ್ಕೆ ವ್ಯಾಕ್ಯೂಮ್‌ನಲ್ಲಿ ಮದ್ದಿಲ್ಲ. ತಿರುಗುವ ಬ್ರಷ್ ಬಳಸಿದರೆ ಇನ್ನೂ ಬೇಗ ಉದುರುತ್ತದೆ.

ಅಮೆರಿಕ, ಕೆನಡಾದ ಮನೆಗಳಲ್ಲಿ ಗೋಡೆಯ ಅಂಚಿಗೆ, ಬಾಗಿಲ ಕೆಳಗೆ ಬೂದು ಗೆರೆ ಕಾಣುತ್ತದೆ. ಅಲ್ಲಿನ ಸಂದಿಯಲ್ಲಿ ಗಾಳಿ ನುಸುಳುವಾಗ ಕಾರ್ಪೆಟ್ಟೇ ಫಿಲ್ಟರ್ ಆಗಿ ಮಸಿಯಂಥ ಧೂಳು ಹಿಡಿದುಕೊಂಡಿದೆ. ಸಂದಿಗೆ ಹಾಕುವ ಕಿರಿದಾದ ಮೂತಿಯ ನಳಿಗೆಯಿಂದ ಆಗಾಗ ಎಳೆದರೆ ಹೊಸದಾಗಿ ಕೂರುವುದು ತಪ್ಪುತ್ತದೆ, ಕೂತದ್ದು ಹೋಗಲು ತೊಳೆಯಬೇಕು. ಉಣ್ಣೆ ಕಾರ್ಪೆಟ್‌ನಲ್ಲಿ ಸೋಫಾ ಕೆಳಗೆ ಮಾತ್ರ ಬೋಳು ಜಾಗ ಕಂಡರೆ ಅದು ಹುಳು ತಿಂದದ್ದು. ಕತ್ತಲಲ್ಲಿ, ಯಾರೂ ಅಲುಗಿಸದ ಕಡೆ ಅವು ಸೇರುತ್ತವೆ. ಸೋಫಾ ಸರಿಸಿ ಕಾರ್ಪೆಟ್‌ನ ಎರಡೂ ಬದಿ ವ್ಯಾಕ್ಯೂಮ್ ಮಾಡಿ, ಆ ಬ್ಯಾಗ್ ಅನ್ನು ಅವತ್ತೇ ಮನೆಯಿಂದ ಹೊರಗೆ ಹಾಕಿ.

ರೋಬೋ ವ್ಯಾಕ್ಯೂಮ್ ಕಪ್ಪು ಕಾರ್ಪೆಟ್ ಅಂಚಿಗೆ ಬಂದು ಹಿಂದೆ ಸರಿಯುತ್ತಿದ್ದರೆ ಅದು ಕೆಟ್ಟಿಲ್ಲ. ಮೆಟ್ಟಿಲಿಂದ ಬೀಳದಿರಲು ಇಟ್ಟ ಸೆನ್ಸರ್‌ಗೆ ಕಪ್ಪು ಬಣ್ಣ ಹಳ್ಳದ ಹಾಗೆ ಕಾಣುತ್ತದೆ.

ಇಷ್ಟೆಲ್ಲಾ ಸರಿ ಇದ್ದೂ ತೃಪ್ತಿ ಇಲ್ಲದಿದ್ದರೆ

ಕೈಯ ವೇಗ ನೋಡಿ. ಪೊರಕೆಯಂತೆ ಸರಸರ ಓಡಿಸಿದರೆ ಗಾಳಿಗೆ ಮರಳನ್ನು ಎತ್ತಲು ಸಮಯವೇ ಸಿಗುವುದಿಲ್ಲ. ಒಂದು ಮೀಟರ್ ದಾಟಲು ಎರಡು ಮೂರು ಸೆಕೆಂಡ್ ಕೊಡಿ. ಹಿಂದಕ್ಕೆ ಎಳೆಯುವಾಗ ಇನ್ನೂ ನಿಧಾನ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಬಾಗಿಲ ಬಳಿ, ಸೋಫಾ ಮುಂದೆ ನಾಲ್ಕೈದು ಸಲ ಆಗಲಿ, ಮೂಲೆಗಳಿಗೆ ಒಂದೇ ಸಾಕು. ಇಡೀ ಕಾರ್ಪೆಟ್‌ಗೆ ಸಮನಾಗಿ ಶ್ರಮ ಹಂಚುವುದು ದಂಡ. ಮಳೆಗಾಲದಲ್ಲಿ ಕಾರ್ಪೆಟ್ ಥಂಡಿ ಹಿಡಿದಿದ್ದರೆ ಮೊದಲು ಫ್ಯಾನ್ ಹಾಕಿ ಒಣಗಿಸಿ. ತೇವದ ಧೂಳು ಎಳೆಗೂ ಅಂಟುತ್ತದೆ, ಹೋಸ್ ಒಳಗೂ ಅಂಟುತ್ತದೆ.

ಎತ್ತಬಹುದಾದ ಕಾರ್ಪೆಟ್ ಆದರೆ ಪರೀಕ್ಷೆ ಸುಲಭ. ವ್ಯಾಕ್ಯೂಮ್ ಮುಗಿದ ಮೇಲೆ ಒಂದು ಮೂಲೆ ಮಡಚಿ, ಕೆಳಗೆ ಪೇಪರ್ ಹಾಸಿ, ಹಿಂಭಾಗವನ್ನು ಕೈಯಲ್ಲಿ ತಟ್ಟಿ. ಮರಳು ಉದುರಿದರೆ ಬುಡ ಇನ್ನೂ ಕ್ಲೀನ್ ಆಗಿಲ್ಲ. ಆಗ ಇಡೀ ಕಾರ್ಪೆಟ್ ಬೋರಲು ಹಾಕಿ ಹಿಂಭಾಗದ ಮೇಲೆ ವ್ಯಾಕ್ಯೂಮ್ ಓಡಿಸಿ. ಅಂಟಿನ ಬೆನ್ನಿನ ಟಫ್ಟೆಡ್‌ಗೆ ಇದು ಬೇಡ, ನೇಯ್ದದ್ದಕ್ಕೆ ಮಾತ್ರ. ಅದುರುವಿಕೆಗೆ ಮರಳು ಕೆಳಗೆ ನೆಲಕ್ಕೆ ಬೀಳುತ್ತದೆ. ಎತ್ತಿ, ನೆಲ ಗುಡಿಸಿ, ಮತ್ತೆ ಮುಖ ಮೇಲೆ ಮಾಡಿ ಒಂದು ಸಲ ಎಳೆಯಿರಿ.

ಮೆಷಿನ್ ಬಾಯಿಯಲ್ಲೇ ಎಳೆತ ಇಲ್ಲ, ಬ್ಯಾಗ್ ಹೊಸದು, ಫಿಲ್ಟರ್ ಒಣಗಿದೆ, ಆದರೂ ಮೋಟಾರ್ ಮಂದ. ಗಾಳಿ ಹೊರಬರುವ ಕಡೆ ಕಿಡಿ ಕಾಣುತ್ತದೆ, ಕಮಟು ವಾಸನೆ ಬರುತ್ತದೆ. ಆಗ ಮಾತ್ರ ರಿಪೇರಿ ಅಂಗಡಿಗೆ ಒಯ್ಯಿರಿ. ಮೊದಲು ಕಾರ್ಬನ್ ಬ್ರಷ್ (ಮೋಟಾರ್‌ನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ತುಂಡು) ನೋಡಲು ಹೇಳಿ. ಸವೆದಿದ್ದರೆ ಅದೊಂದನ್ನೇ ಬದಲಿಸಿದರೆ ಸಾಕಾಗಬಹುದು, ಪೂರ್ತಿ ಮೋಟಾರ್ ಬದಲಿಸಲು ಅಲ್ಲಿಯವರೆಗೆ ಒಪ್ಪಬೇಡಿ.